ಮೊಮ್ಮಗನ ದೀಕ್ಷಾಸ್ನಾನಕ್ಕೆ ನಾನು ಆರಿಸಿದ ರಾಗ

ಸಂತೋಷ ಮೈಮೇಲೆ ಬಂದಾಗ ಏನನ್ನೂ ಆರಿಸುವ ಕೆಲಸಕ್ಕೆ ಕೈ ಹಾಕಬಾರದು. ಸೀರೆಯಂಗಡಿಗೆ ಹೋದರೆ ಕಣ್ಣು ಕುಕ್ಕುವ ಬಣ್ಣ ತರುತ್ತೇವೆ, ಒಲೆ ಮುಂದೆ ನಿಂತರೆ ಪಾಯಸಕ್ಕೆ ಎರಡೆರಡು ಸಲ ಬೆಲ್ಲ ಹಾಕುತ್ತೇವೆ. ನಾನಂತೂ ಅಂಥ ಸಂತೋಷದಲ್ಲಿ ನಮ್ಮ ಚಿತ್ರದುರ್ಗದ ಚರ್ಚಿನ ಆರ್ಗನ್ನಿಗೇ ರಾಗ ಆರಿಸಲು ಹೊರಟೆ. ಬೇಗನೆ ಶಾಲೆ ಬಿಟ್ಟವಳು ನಾನು. ಕಿವಿಗೆ ಹಿತವಾಗಿದ್ದರೆ ಒಳ್ಳೆಯ ಸಂಗೀತ, ಇಲ್ಲದಿದ್ದರೆ ಗದ್ದಲ, ಇಷ್ಟೇ ನನ್ನ ವಿದ್ಯೆ. ಆದರೆ ಹಿರಿಯೂರಿಗೆ ಕೊಟ್ಟ ಮಗಳು ಸುಗುಣಳಿಗೆ ಬಹಳ ವರ್ಷ ಕಾದ ಮೇಲೆ ಗಂಡು ಮಗು ಹುಟ್ಟಿತ್ತು. ಚೊಚ್ಚಲ ಮಗುವಿನ ದೀಕ್ಷಾಸ್ನಾನ ತವರಿನ ಚರ್ಚಿನಲ್ಲೇ ಆಗಬೇಕೆಂದು ಬೀಗರೂ ಒಪ್ಪಿದ್ದರು. ದೇವರು ಇಷ್ಟೆಲ್ಲ ಕೊಟ್ಟಿರುವಾಗ, ಮಗು ಒಳಗೆ ಬರುವಾಗ ನಾನು ಹೇಳಿದ ಒಂದು ರಾಗ ನುಡಿಸಿದರೆ ಯಾರ ಗಂಟು ಹೋಗುತ್ತದೆ?

ನಮ್ಮ ಮನೆ ಚರ್ಚಿನ ಗೋಡೆಗೆ ಅಂಟಿಕೊಂಡ ಹಾಗೆ ಹಿಂದುಗಡೆ ಇದೆ. ಕೇರಿಯಲ್ಲಿ ಯಾರಾದರೂ ತೀರಿಕೊಂಡರೆ ಎಳೆಮಕ್ಕಳನ್ನು ಅಲ್ಲಿಗೆ ಒಯ್ಯಬಾರದೆಂದು ತಾಯಂದಿರೆಲ್ಲ ತಂದು ನನ್ನ ಮಡಿಲಿಗೆ ಹಾಕಿ ಹೋಗುವುದು ಮೊದಲಿನಿಂದ ಬಂದ ಪದ್ಧತಿ. ಹಾಗಾಗಿ ನಾನು ಅಂಥ ದಿನ ಚರ್ಚಿನೊಳಗೆ ಕಾಲಿಟ್ಟವಳೇ ಅಲ್ಲ. ನನ್ನ ಅಪ್ಪ ಅಮ್ಮ ಮಣ್ಣಾದದ್ದು ಜವನಗೊಂಡನಹಳ್ಳಿಯಲ್ಲಿ, ಅಲ್ಲಿ ಆರ್ಗನ್ ಎಲ್ಲಿಂದ ಬರಬೇಕು! ಇಲ್ಲಿ ಮಾತ್ರ ಮಕ್ಕಳೆಲ್ಲ ಒಟ್ಟಿಗೆ ಕಿರುಚುತ್ತಿರುವಾಗ ಗೋಡೆಯಾಚೆಯಿಂದ ಒಂದು ರಾಗ ತೇಲಿ ಬರುತ್ತಿತ್ತು. ಬೆಣ್ಣೆ ಕರಗಿದ ಹಾಗೆ ಮೆತ್ತಗೆ. ಒಂದೊಂದೇ ಮಗು ಕಣ್ಣು ಮುಚ್ಚುತ್ತಿತ್ತು, ಕೊನೆಗೆ ನನ್ನ ತಲೆಯೂ ವಾಲುತ್ತಿತ್ತು. ಸುಗುಣಳನ್ನೂ ಅದನ್ನೇ ಗುನುಗಿ ಮಲಗಿಸಿದ್ದೆ. ಅದು ಯಾವುದಕ್ಕೆ ಮೀಸಲಾದ ರಾಗ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಆರ್ಗನ್ ನುಡಿಸುವ ದಾನಪ್ಪ ಮೇಷ್ಟ್ರ ಎದುರು ಅದನ್ನು ಗುನುಗಿದೆ. ಪೆಡಲಿನ ಮೇಲಿದ್ದ ಅವರ ಕಾಲು ನಿಂತೇ ಹೋಯಿತು.

“ಅಮ್ಮಾ, ಇದು ಹೆಣದ ಪೆಟ್ಟಿಗೇನ ಚರ್ಚೊಳಗೆ ತರುವಾಗಿನ ರಾಗ. ಇದನ್ನ ಬಾರಿಸಿದ್ರೆ ಜನ ಹೆಗಲು ಕೊಡಕೆ ಎದ್ದು ಬರ್ತಾರೆ.”

“ಬರ್ಲಿ ಬಿಡ್ರಿ, ಮಗುನ್ನ ಎತ್ಕಳಕೆ ನಾಕು ಜನ ಆದ್ರೆ ಒಳ್ಳೇದೇ” ಎಂದು ನಾನೂ ಪಟ್ಟು ಹಿಡಿದೆ.

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನಕ್ಕರು. “ಲೇ, ನೀನು ಮೊಮ್ಮಗನ್ನ ಬರಮಾಡ್ಕಳ್ತಿದ್ದೀಯೋ, ಕಳಿಸಿಕೊಡ್ತಿದ್ದೀಯೋ?”

ಚರ್ಚಿನ ಪಾದ್ರಿ ಅಯ್ಯನವರಿಗೂ ದೂರು ಹೋಯಿತು. ಅವರು ಒಳ್ಳೆಯವರು, “ಬೀಗರು ಏನಂದ್ಕಂತಾರೆ ನೋಡ್ರಮ್ಮ” ಎಂದಷ್ಟೇ ಹೇಳಿದರು. ನಾನು ಸೋತೆ. ಮೇಷ್ಟ್ರು ಒಂದು ಜೋರಿನ ರಾಗ ಆರಿಸಿದರು, ದಂಡು ಹೊರಟ ಹಾಗಿತ್ತು. ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಅರ್ಧ ದುಃಖಕ್ಕೆ, ಅರ್ಧ ಸಂತೋಷಕ್ಕೆ.

ಭಾನುವಾರ ಅಳಿಯ ಹೊಸ ಟೆರಿಲಿನ್ ಷರಟಿನಲ್ಲಿ, ಸುಗುಣ ಮಗುವನ್ನೆತ್ತಿಕೊಂಡು ಬಾಗಿಲು ದಾಟಿದರು. ಆರ್ಗನ್ ಗುಡುಗಿತು. ಮಗು ಬೆಚ್ಚಿಬಿದ್ದು ಆರ್ಗನ್ನಿಗಿಂತ ಜೋರಾಗಿ ಕಿರುಚಿತು. ಬಿಲ್ಲಿನ ಹಾಗೆ ಬಾಗಿ, ಕೆಂಪಗಾಗಿ, ಉಸಿರು ಕಟ್ಟಿಕೊಂಡು ಅತ್ತಿತು. ಅಯ್ಯನವರು ನೀರಿನ ಬೋಗುಣಿಯ ಮುಂದೆ ಕೈ ಚಾಚಿ ನಿಂತೇ ಇದ್ದರು. ಬೀಗಿತ್ತಿ ನನ್ನ ಕಡೆ ತಿರುಗಿ, “ನಿಮ್ಮ ಪೈಕಿ ಗಂಟ್ಲು ಬಂದೈತೆ ಬಿಡ್ರಿ” ಎಂದರು. ಸುಗುಣಳ ಕಣ್ಣಲ್ಲಿ ನೀರು. ನಾನು ಮೊದಲ ಸಾಲಿನಿಂದ ಮೇಷ್ಟ್ರಿಗೆ ಕೈ ಮುಗಿದೆ.

ಪುಣ್ಯಾತ್ಮ! ಜೋರಿನ ರಾಗವನ್ನು ಅಲ್ಲಿಗೇ ಬಿಟ್ಟು ಮೆಲ್ಲಗೆ ನನ್ನ ರಾಗಕ್ಕೆ ಇಳಿದರು. ಮಗು ಒಮ್ಮೆ ಬಿಕ್ಕಿತು, ಆಕಳಿಸಿತು, ತಾಯಿಯ ಹೆಗಲಿಗೆ ಕೆನ್ನೆ ಇಟ್ಟಿತು. ಆದರೆ ಇಡೀ ಸಭೆ ಅಭ್ಯಾಸಬಲದಿಂದ ಎದ್ದು ತಲೆ ಬಗ್ಗಿಸಿತು. ಗಂಡಸರಿಬ್ಬರು ನಡುದಾರಿಗೂ ಬಂದು, ಹೊರಲು ಏನೂ ಕಾಣದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕಣ್ಣು ಮುಚ್ಚಿ, ಕೊಟ್ಟೆಯಲ್ಲಪ್ಪಾ ತಂದೆ, ಕೊಟ್ಟೆಯಲ್ಲಾ ಎಂದು ಎದೆ ತುಂಬಿ ಹೇಳಿಕೊಂಡೆ. ಆಮೇಲಿನದು ನನಗೆ ಗೊತ್ತಿಲ್ಲ.

ಮುಖಕ್ಕೆ ತಣ್ಣೀರು ಬಿದ್ದಾಗ ಕಣ್ಣು ಬಿಟ್ಟೆ. ಸುತ್ತ ಸಭೆಯ ಜನವೆಲ್ಲ ನಿಂತಿತ್ತು. ಪಕ್ಕದ ಮನೆಯ ರತ್ನಮ್ಮ ಆಗಲೇ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಯಜಮಾನರ ಕೈಯಲ್ಲಿ ದೀಕ್ಷಾಸ್ನಾನದ ಬೋಗುಣಿ ಇತ್ತು.

“ಲೇ, ಇದ್ದೀಯೇನೇ?”

“ಎಲ್ಲಿಗೆ ಹೋಗ್ಲಿ? ಮಗೀಗೆ ನೀರು ಹಾಕಿದ್ರಾ?”

“ಹಾಕಿದ್ರು. ಉಳಿದಿದ್ದು ನಿನಗೆ ಹಾಕ್ದೆ.” ನಗಲು ಹೊರಟವರು ನನ್ನ ಮೂಗಿನ ಮುಂದೆ ಇನ್ನೊಮ್ಮೆ ಬೆರಳು ಹಿಡಿದು ಉಸಿರು ನೋಡಿದರು. ಇಷ್ಟು ವರ್ಷದಲ್ಲಿ ಅವರು ನನಗಾಗಿ ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ. ಅದೂ ಒಂದು ಲಾಭವೇ.

ಹೀಗೆ ಬಹಳ ವರ್ಷ ಕಾದಿದ್ದ ಮೊಮ್ಮಗನ ದೀಕ್ಷಾಸ್ನಾನವನ್ನು ನಾನು ನೋಡಲೇ ಇಲ್ಲ. ಆದರೂ ಕೊರಗಿಲ್ಲ. ಅಜ್ಜಿ ಮೊಮ್ಮಗ ಇಬ್ಬರೂ ಒಂದೇ ರಾಗಕ್ಕೆ ಮಲಗಿ, ಒಂದೇ ಬೋಗುಣಿಯ ನೀರಲ್ಲಿ ನೆನೆದೆವು. ಇಂಥ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಊಟದ ಹೊತ್ತಿಗೆ ದಾನಪ್ಪ ಮೇಷ್ಟ್ರ ಎಲೆಗೆ ನಾನೇ ಎರಡನೇ ಸಲ ಪಾಯಸ ಬಡಿಸಿದೆ. ಅವರು ತುಂಟನಗೆ ನಕ್ಕು, “ಹಂಗಾರೆ ಅಮ್ಮಾ, ಮುಂದೆ ನಿಮ್ಮ ದಿನಕ್ಕೂ ಇದೇ ರಾಗ ತಾನೇ?” ಎಂದರು.

“ಬ್ಯಾಡ್ರಪ್ಪ” ಎಂದೆ. “ಅವತ್ತು ಆ ಗದ್ದಲದ್ದೇ ಬಾರಿಸ್ರಿ. ಇದನ್ನ ಬಾರಿಸಿದ್ರೆ, ಮುದುಕಿ ಮತ್ತೆ ನಿದ್ದೆ ಹೋಗ್ಯಾಳೆ ಅಂತ ನೀರು ಹಾಕಕೆ ಬರ್ತಾರೆ.”