ಸೈಕಲ್ ನೋಡಲು ಬಂದವರು

ಮನೆಯಲ್ಲಿ ಏನನ್ನಾದರೂ ಮಾರಾಟಕ್ಕೆ ಇಟ್ಟು ನೋಡಿ. ವಸ್ತು ಹೋಗುವ ಮಾತು ಆಮೇಲೆ. ಮೊದಲು ಜನ ಬರುತ್ತಾರೆ. ಜನ ಬಂದ ಮೇಲೆ ಏನಾದರೊಂದು ನಡೆದೇ ನಡೆಯುತ್ತದೆ. ಜಾಲಹಳ್ಳಿ ಹತ್ತಿರದ ಸಿಂಗಾಪುರದ ನಮ್ಮ ಮನೆಯಲ್ಲಿ ನಡೆದದ್ದಕ್ಕೆಲ್ಲ ಒಂದು ಸೈಕಲ್ ಕಾರಣ.

ಮಹಡಿಯಲ್ಲಿ ಬಾಡಿಗೆಗಿದ್ದ ಇಂಜಿನಿಯರ್ ಆರಡಿ ಮೀರಿದ ಆಳು. ದರ್ಜಿಗೆ ಅಂಗಿಯ ಅಳತೆ ಕೊಡುವ ಹಾಗೆ ಕೈಕಾಲಿನ ಅಳತೆ ಕೊಟ್ಟು, ಉಕ್ಕಿನ ಕೊಳವೆಗೆ ಬೆಸುಗೆ ಹಾಕಿಸಿ ಮಾಡಿಸಿಕೊಂಡಿದ್ದ ರೇಸಿನ ಸೈಕಲ್ ಅದು. ಮನೆ ಖಾಲಿ ಮಾಡುವಾಗ ಅದನ್ನು ನಾನೇ ಕೊಂಡೆ. ನಿಮಗ್ಯಾಕೆ ಅಂಕಲ್ ಅಂತ ಅವನೂ ಕೇಳಿದ. ನನ್ನ ಮನೆಯಾಕೆ ತೀರಿಕೊಂಡು ಎರಡು ವರ್ಷ. ಬೆಳಿಗ್ಗೆ ಪೂಜೆ ಮುಗಿಸಿ ಮಂಗಳಾರತಿ ತಟ್ಟೆ ಹಿಡಿದು ಹಿಂದಕ್ಕೆ ತಿರುಗಿದರೆ ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ. ಕೈಗೊಂದು ಕೆಲಸ ಇರಲಿ, ಇದನ್ನು ಇನ್ನೂ ಚೆನ್ನಾಗಿ ಮಾಡಿ ಮಾರುತ್ತೇನೆ ಅಂದೆ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನಿಗೆ ಅದೇನು ದೊಡ್ಡದು?

ಸುಧಾರಣೆ

ನಮ್ಮೂರ ಶಾಲೆಗೆ ಮೇಷ್ಟ್ರು ಬರುತ್ತಿದ್ದ ಸೈಕಲ್ಲಿಗೆ ಏನೇನಿತ್ತೋ ಅದರಲ್ಲಿ ಒಂದೂ ಇದಕ್ಕಿರಲಿಲ್ಲ. ಎಂಟು ದಿನ ಕೂತು ಸ್ಟ್ಯಾಂಡ್, ಕ್ಯಾರಿಯರ್, ಮಡ್‌ಗಾರ್ಡ್, ಚೈನ್ ಕವರ್, ಗಂಟೆ, ಎಲ್ಲ ಹಾಕಿದೆ. ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಬಿಚ್ಚಿ ಮೇಲ್ಮುಖ ಮಾಡಿದೆ. ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೆಲೆ ಕಟ್ಟಲು ಆರ್.ಟಿ. ನಗರದಿಂದ ಸೈಕಲ್ ಅಂಗಡಿಯವರನ್ನು ಕರೆಸಿದೆ.

ಅವರು ಸೈಕಲ್ಲಿಗೆ ಮೂರು ಸುತ್ತು ಬಂದರು. ಪ್ರದಕ್ಷಿಣೆ ಅಂದುಕೊಂಡೆ.

"ಚಾಚಾ, ಮುಂಚೆ ಇದು ಎಷ್ಟು ತೂಕ ಇತ್ತು?"

"ಒಂದು ಕೈಯಲ್ಲಿ ಎತ್ತಬಹುದಿತ್ತು."

"ಈಗ ಎತ್ತಿ."

ಎರಡೂ ಕೈ ಹಾಕಿದೆ, ಮುಂದಿನ ಚಕ್ರ ಮಾತ್ರ ಎದ್ದಿತು.

"ರೇಸ್ ಕುದುರೆ ಮೇಲೆ ಅಕ್ಕಿ ಮೂಟೆ ಹೇರಿದೀರಲ್ಲ ಚಾಚಾ. ಇದಕ್ಕೆ ಅಪ್‌ಗ್ರೇಡ್ ಅಂದ್ರೆ ಹಾಕೋದಲ್ಲ, ತೆಗೆಯೋದು."

ಎಲ್ಲ ತೆಗೆದರು. ಹ್ಯಾಂಡಲ್ ಮತ್ತೆ ಟಗರಾಯಿತು. ಹೊಸ ಟೈರು, ಹೊಸ ಗೇರು, ಹೊಸ ಬ್ರೇಕು ಹಾಕಿ, ಫೋಟೋ ತೆಗೆದು, ನನ್ನ ನಂಬರಿನ ಜೊತೆ ಮಾರಾಟದ ಆ್ಯಪಿಗೆ ಹಾಕಿಕೊಟ್ಟರು. ಹೊರಡುವಾಗ ಮೂಲೆಯ ರಾಶಿ ತೋರಿಸಿ, "ಇಷ್ಟು ಸಾಮಾನಿಗೆ ಎರಡು ಚಕ್ರ ಸೇರಿಸಿದ್ರೆ ಇನ್ನೊಂದು ಸೈಕಲ್ ಆಗುತ್ತೆ. ಅದನ್ನೂ ಮಾರಿ" ಅಂದರು.

ಆಯಸ್ಕಾಂತ

ಮೊದಲು ಬಂದವರು ಹೆಬ್ಬಾಳದ ಆಫೀಸೊಂದರಲ್ಲಿ ಕೆಲಸ ಮಾಡುವವರೊಬ್ಬರು. ಅಸಲಿ ಉಕ್ಕೋ ಅಲ್ಲವೋ ನೋಡಲು ಜೇಬಿನಲ್ಲಿ ಆಯಸ್ಕಾಂತ ತಂದಿದ್ದರು. ಇಟ್ಟಲ್ಲೆಲ್ಲ ಅಂಟಿತು. ಸಂತೋಷದಿಂದ ಹತ್ತಿ ಕೂತರು. ಪೆಡಲ್ ಕಾಲಿಗೆ ಎಟುಕಲಿಲ್ಲ. ನಾನು ಹಿಂದಿನಿಂದ ಹಿಡಿದುಕೊಂಡೆ.

"ಸೀಟು ಇಳಿಸಿ ಸರ್."

ಇಳಿಸಿದೆ.

"ಇನ್ನೂ ಸ್ವಲ್ಪ."

"ಇಳಿಯೋದೆಲ್ಲ ಇಳಿದಾಯ್ತು ಕಣ್ರೀ. ಇನ್ನು ನೆಲ ಅಗೀಬೇಕು."

ಇಳಿದು ಬಂದು ಎರಡು ಲೋಟ ಕಾಫಿ ಕುಡಿದರು, ಚಕ್ಕುಲಿ ತಿಂದರು, ತಮ್ಮ ಮ್ಯಾನೇಜರನ ಕಥೆಯೆಲ್ಲ ಹೇಳಿದರು. ಹೊರಡುವಾಗ, "ಮುಂದಿನ ವಾರ ಇನ್ನೊಂದ್ಸಲ ಬಂದು ನೋಡ್ಲಾ?" ಅಂದರು. "ಧಾರಾಳವಾಗಿ ಬನ್ನಿ" ಅಂದೆ. ಒಂದು ವಾರದಲ್ಲಿ ಕಾಲು ಬೆಳೆಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ, ಶನಿವಾರ

ಆಮೇಲೆ ದಿನ ಬಿಟ್ಟು ದಿನ ಜನ. ಯಾರಿಗೂ ಹೊಂದಲಿಲ್ಲ. ಬೆಳಿಗ್ಗೆ ಡಿಕಾಕ್ಷನ್ ಹೆಚ್ಚಿಗೆ ಇಳಿಸುವುದು ನನಗೂ ರೂಢಿಯಾಯಿತು. ಸೈಕಲ್ ಯಾರಿಗೂ ಹೊಂದದಿರಲಿ ಅಂತ ದೇವರನ್ನು ಕೇಳಿಕೊಂಡೆ ಎನ್ನಲಾರೆ. ಹೊಂದಲಿ ಅಂತಲೂ ಕೇಳಲಿಲ್ಲ.

ಒಂದು ಶುಕ್ರವಾರ ಸಂಜೆ ಯಶವಂತಪುರದಿಂದ ವಾಲಿಬಾಲ್ ಆಡುವ ಹುಡುಗಿ ಬಂದಳು. ಬಾಗಿಲಲ್ಲಿ ತಲೆ ಬಗ್ಗಿಸಿದಾಗಲೇ, ಸೈಕಲ್ ಇನ್ನು ಉಳಿಯುವುದಿಲ್ಲ ಅಂದುಕೊಂಡೆ. ಹತ್ತಿ ಕೂತಳು, ಅವಳಿಗೇ ಅಳತೆ ತೆಗೆದ ಹಾಗಿತ್ತು.

"ತಗೊಂಡು ಹೋಗ್ತೀನಿ ಅಂಕಲ್."

"ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ಏನೂ ಹೊರಗೆ ಕೊಡೋದಿಲ್ಲಮ್ಮ."

ಶನಿವಾರ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿ ಸೈಕಲ್ಲಿನಿಂದ ಮಾರು ದೂರ ನಿಂತು, "ಇವತ್ತು ಬರೀ ನೋಡಕ್ಕೆ ಬಂದ್ವಿ ಕಣ್ರೀ. ಶನಿವಾರ ಕಬ್ಬಿಣ ಮನೆಗೆ ತರಬಾರ್ದು" ಅಂದರು.

"ಅಮ್ಮಾ, ಇದು ಸ್ಟೀಲು."

"ಅದೂ ಕಬ್ಬಿಣದ ಮಗಳೇ ಕಣೆ. ಕಾಲೇಜು ಸೇರಿ ನಿನ್ ತರಾನೇ ಹೆಸರು ಬದಲಾಯಿಸ್ಕೊಂಡಿದೆ, ಅಷ್ಟೆ."

ಭಾನುವಾರ ನಾಲ್ಕೂವರೆಗೆ ಇಬ್ಬರೂ ಬಂದರು. ಆಗ ರಾಹುಕಾಲ ಶುರು. ಆರು ಗಂಟೆಯವರೆಗೆ ಮೂವರೂ ಕೂತು ಉಪ್ಪಿಟ್ಟು ತಿಂದೆವು. ಈ ಕಟ್ಟಳೆಗಳನ್ನೆಲ್ಲ ನಾನು ಮನಸಾರೆ ನಂಬುವವನು. ಆದರೆ ಪಂಚಾಂಗ ಬರೆದವರಿಗೆ ಅವತ್ತಿನಷ್ಟು ಕೈ ಮುಗಿದದ್ದು ಹಿಂದೆಂದೂ ಇಲ್ಲ.

ಆರು ಹೊಡೆಯಿತು. ಹುಡುಗಿ ಎದ್ದು, "ಅಂಕಲ್, ಗ್ರಹಗಳೆಲ್ಲ ಮನೆಗೆ ಹೋದ್ವು. ಈಗ ನಾನೂ ಹೋಗ್ಲಾ?" ಅಂದಳು.

ಮಾರಿದ ಮೇಲೆ

ಸೋಮವಾರ ಫೋನ್ ಬಂತು. "ಸೈಕಲ್ ನೋಡೋಕೆ ಬರ್ಬಹುದಾ?"

ಮಾರಿಯಾಗಿದೆ ಅನ್ನಬೇಕಾಗಿತ್ತು. "ಬನ್ನಿ" ಅಂದುಬಿಟ್ಟೆ.

ಬಂದವರು ಯಲಹಂಕದವರು, ನನ್ನದೇ ವಯಸ್ಸು. ಕಾಫಿ ಕೊಟ್ಟೆ. ಒಂದು ಗಂಟೆ ಮಾತಾಡಿದೆವು: ಮಂಡಿನೋವು, ಬಸ್ಸು, ಒಬ್ಬರಿಗೆ ಅಡುಗೆ ಮಾಡಿಕೊಂಡರೆ ಸಾರು ಯಾಕೆ ಮಿಕ್ಕುತ್ತದೆ ಅನ್ನುವುದು. ಸೈಕಲ್ಲಿನ ಸುದ್ದಿ ಅವರೂ ಎತ್ತಲಿಲ್ಲ. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ತಪ್ಪಾಯ್ತು. ಸೈಕಲ್ ನಿನ್ನೆಯೇ ಹೋಯಿತು."

"ಫೋನಲ್ಲೇ ಹೇಳ್ಬಹುದಿತ್ತಲ್ಲ?"

"ಹೇಳಿದ್ದರೆ ನೀವು ಬರ್ತಿರಲಿಲ್ಲ."

ಅವರು ಲೋಟ ಕೆಳಗಿಟ್ಟರು. "ನಿಜ ಹೇಳ್ತೀನಿ, ನಂಗೆ ಸೈಕಲ್ ಓಡಿಸೋಕೇ ಬರಲ್ಲ ಕಣ್ರೀ. ಹೋದ ವಾರ ಆರ್.ಟಿ. ನಗರದಲ್ಲಿ ಒಂದು ವೀಣೆ ನೋಡ್ಕೊಂಡು ಬಂದೆ. ಪಾಯಸ ಕೊಟ್ರು." ಲೋಟ ಮತ್ತೆ ಎತ್ತಿಕೊಂಡು, "ಬರೋ ಭಾನುವಾರ ಮಾಕಳಿಯಲ್ಲಿ ಒಂದು ಹಸು ನೋಡೋದಿದೆ. ಬರ್ತೀರಾ?" ಅಂದರು.

ಹೋದೆವು. ಕೊಟ್ಟಿಗೆಯ ಯಜಮಾನ ಒಂಟಿ ಮುದುಕ. ಹಸು ಲಕ್ಷಣವಾಗಿತ್ತು. ನನ್ನ ಸ್ನೇಹಿತರು ಹೆಣ್ಣು ನೋಡಲು ಬಂದವರಂತೆ ಗಂಭೀರವಾಗಿ ಅದನ್ನು ಸುತ್ತಿ ಬಂದು, ನನ್ನ ಕಡೆ ತೋರಿಸಿ, "ನಂಗೇನೋ ಒಪ್ಪಿಗೆ. ಇವರಿಗೆ ಬಣ್ಣ ಅಷ್ಟಾಗಿ ಹಿಡಿಸಲಿಲ್ಲ" ಅಂದರು.

ಮುದುಕ ಅವರನ್ನೇ ನೋಡಿದ. "ಓದ್ ತಿಂಗ್ಳು ಬಂದಾಗ ಕೊಂಬು ಸರಿ ಇಲ್ಲ ಅಂದ್ರಿ. ಅದ್ರ ಇಂದ್ಲ ತಿಂಗ್ಳು ಬಾಲ ಅಂದ್ರಿ. ಇವತ್ತು ಬಣ್ಣ" ಅಂದು ಚಾಪೆ ಹಾಸಿದ. "ಇರ್ಲಿ, ಕೂತ್ಕಳಿ. ಮಜ್ಜಿಗೆ ತತ್ತೀನಿ. ನಾನೇನ್ ಅಸ ಮಾರಾಕಿಲ್ಲ."