ಯಾರಿಗೂ ಗೊತ್ತಾಗದ ಹಾಗೆ ಒಂದು ಲಸಿಕೆ

ಅಜ್ಜಿ: ಅಲ್ಲ ಕಣೇ, ಇವಳು ಮಂಡಿ ತರಚಿಕೊಂಡದ್ದು ಹೋದ ತಿಂಗಳು. ಗಾಯ ಒಣಗಿ, ಅದೇ ಮಂಡಿ ಊರಿ ಇನ್ನೆರಡು ಸಲ ಬಿದ್ದೂ ಆಯ್ತು. ಟಿಟಿ ಇಂಜೆಕ್ಷನ್ ಇವತ್ತಾ?

ಅಮ್ಮ: ಶ್! ಮೆಲ್ಲಗೆ ಅತ್ತೆ. ಅವಳಿಗೆ ಇಂಜೆಕ್ಷನ್ ಅಂತ ಹೇಳಿಲ್ಲ.

ಅಜ್ಜಿ: ಮತ್ತೇನು ಹೇಳಿದ್ದೀಯ?

ಅಮ್ಮ: ಕಣ್ಣು ಪರೀಕ್ಷೆ ಅಂತ.

ಲಸಿಕೆ ಕೋಣೆಯ ಮುಂದಿನ ಬೆಂಚಿನಲ್ಲಿ ಮೂವರೂ ಸಾಲಾಗಿ ಕೂತಿದ್ದರು. ನಡುವೆ ಅಮ್ಮ. ಮಡಿಲಲ್ಲಿ ಕೈಚೀಲ, ಅದರೊಳಗೆ ಥರ್ಮಾಮೀಟರು, ಗ್ಲೂಕೋಸು, ಒಂದು ಜೊತೆ ಬಟ್ಟೆ, ಇಪ್ಪತ್ತಮೂರು ಪ್ರಶ್ನೆ ಬರೆದ ನೋಟ್‌ಬುಕ್ಕು. ನಿಜಕ್ಕೂ ಬಂದದ್ದು ಟಿಟಿಗೂ ಅಲ್ಲ, ಕಣ್ಣಿಗೂ ಅಲ್ಲ. ಹನ್ನೆರಡು ತುಂಬಿದ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸುವುದಕ್ಕೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಎಂದರೆ ಅತ್ತೆ ‘ಇಷ್ಟು ಚಿಕ್ಕ ಹುಡುಗಿಗೆ ಅದೆಲ್ಲ ಯಾಕೆ’ ಅಂದುಬಿಟ್ಟರೆ? ಸೂಜಿ ಎಂದ ಕೂಡಲೇ ಮಗಳು ಓಡಿಬಿಟ್ಟರೆ? ಮೂರು ವಾರ ನಿದ್ದೆಗೆಟ್ಟು ಯೋಚಿಸಿ, ಒಬ್ಬೊಬ್ಬರ ಅಳತೆಗೆ ಒಂದೊಂದು ಸುಳ್ಳು ಹೊಲಿದಿದ್ದಳು.

ಮಗಳು: ಅಮ್ಮಾ, ಕಣ್ಣು ಪರೀಕ್ಷೆಗೆ ತೋಳಿಲ್ಲದ ಅಂಗಿ ಯಾಕೆ?

ಅಮ್ಮ: ಸೆಕೆ ಅಲ್ವಾ ಪುಟ್ಟಿ.

ಮಗಳು: ಅದರ ಮೇಲೆ ಸ್ವೆಟರ್ ಹಾಕ್ಸಿದ್ದೀಯಲ್ಲ?

ಅಮ್ಮ: ಚಳಿ ಅಲ್ವಾ.

ಅಜ್ಜಿ: ತೋಳಿಗೆ ಸೆಕೆ, ಮಿಕ್ಕ ಮೈಗೆ ಚಳಿ. ಅಮ್ಮ ಓದಿದವಳು ಕಣೇ, ಸುಮ್ಮನಿರು.

ಅಜ್ಜಿ ಮೊಮ್ಮಗಳ ಮುಖ ನೋಡಿದರು. ಮೊಮ್ಮಗಳು ತಟ್ಟನೆ ಫ್ಯಾನು ನೋಡತೊಡಗಿದಳು. ಬಾಗಿಲು ತೆರೆದು ನರ್ಸ್ ತಲೆ ಹಾಕಿದಳು.

ನರ್ಸ್: ಎಚ್‌ಪಿವಿ ಲಸಿಕೆಗೆ ಯಾರ್ರೀ?

ಅಮ್ಮ ಕೈಚೀಲದೊಳಗೆ ಮುಖ ಹುದುಗಿಸಿ ಏನೋ ಹುಡುಕತೊಡಗಿದಳು.

ನರ್ಸ್: ನಿನ್ನೆ ನಾಲ್ಕು ಸಲ ಫೋನ್ ಮಾಡಿ, ಇಪ್ಪತ್ತಮೂರು ಪ್ರಶ್ನೆ ಇದೆ ಅಂದ್ರಲ್ಲ, ಅವರು!

ಅಜ್ಜಿ: ಇವಳೇ.

ಅಮ್ಮ: ಅತ್ತೆ, ಕೋಪ ಮಾಡ್ಕೋಬೇಡಿ. ಚಿಕ್ಕ ವಯಸ್ಸಲ್ಲೇ ಹಾಕ್ಸಿದ್ರೆ ಚೆನ್ನಾಗಿ ಕೆಲಸ ಮಾಡುತ್ತಂತೆ. ನೀವು ಬೈರಿ, ಬೇಕಾದ್ರೆ ಒಂದು ತಿಂಗಳು ಮಾತು ಬಿಡಿ. ನಾನಂತೂ ಇವತ್ತು ಹಾಕ್ಸಿಯೇ ಹೋಗೋದು!

ಅತ್ತೆಯೆದುರು ದನಿಯೇರಿಸಿದ್ದು ಇದೇ ಮೊದಲು. ತನ್ನ ದನಿಗೆ ತಾನೇ ಬೆಚ್ಚಿ, ಮಗಳಿಗೆಂದು ಕಲಸಿದ್ದ ಗ್ಲೂಕೋಸು ತಾನೇ ಕುಡಿದಳು.

ನರ್ಸ್: (ಹುಡುಗಿಯನ್ನು ನೋಡಿ) ಅಯ್ಯೋ, ನೀನಾ? ಇವಳಿಗೆ ಇವತ್ತು ಹಾಕೋಕಾಗಲ್ಲ.

ಅಮ್ಮ: ಯಾಕೆ? ಜ್ವರ ಇಲ್ಲ, ಬಸ್ಸಲ್ಲೇ ಎರಡು ಸಲ ನೋಡಿದ್ದೀನಿ!

ನರ್ಸ್: ಎಂಟು ದಿನದ ಹಿಂದೆ ಇವಳ ಶಾಲೆಗೆ ಹೋಗಿ ನಾನೇ ಹಾಕಿದ್ದೀನಿ. ಒಪ್ಪಿಗೆ ಚೀಟಿಗೆ ಅವರಪ್ಪನ ಸಹಿ ಇದೆ. ಎರಡನೇ ಡೋಸು ಆರು ತಿಂಗಳಾದ ಮೇಲೆ.

ಅಮ್ಮ: ಸಾಧ್ಯವೇ ಇಲ್ಲ. ಇವಳಿಗೆ ಸೊಳ್ಳೆ ಕಚ್ಚಿದ್ರೂ ನನಗೆ ಗೊತ್ತಾಗುತ್ತೆ. ಆವತ್ತು ಏನೋ ತೋಳು ನೋವು ಅಂತ...

ಮಗಳು: ಅಂದೆ.

ಅಮ್ಮ: ಸ್ಕೂಲ್ ಬ್ಯಾಗ್ ಭಾರ ಅಂತ...

ಮಗಳು: ಅದು ನೀನಂದಿದ್ದು. ಸಂಜೆನೇ ಹೊಸ ಬ್ಯಾಗ್ ಕೊಡ್ಸಿದೆ. ತುಂಬಾ ಚೆನ್ನಾಗಿದೆ ಅಮ್ಮ.

ಅಮ್ಮ: ಮನೆಮಂದಿಯೆಲ್ಲ ಸೇರಿ ನನ್ನಿಂದ ಮುಚ್ಚಿಟ್ರಾ?

ಅಜ್ಜಿ: ಮತ್ತೇನು ಮಾಡೋದು? ಇವಳು ಒಂಬತ್ತು ತಿಂಗಳ ಕೂಸಾಗಿದ್ದಾಗ ದಡಾರದ ಚುಚ್ಚುಮದ್ದು ಹಾಕ್ಸಿದ್ವಿ. ಮಲಗಿದ ಮಗುವನ್ನ ನೀನು ಗಂಟೆಗೊಂದು ಸಲ ಎಬ್ಬಿಸಿ ಜ್ವರ ನೋಡಿದೆ. ಮೂರನೇ ದಿನ ಜ್ವರ ಬಂದದ್ದು ನಿನಗೆ!

ಅಮ್ಮ: ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ ಅತ್ತೆ.

ಅಜ್ಜಿ: ನನ್ನ ತಂಗಿ ಹೋದದ್ದು ಇದೇ ಕಾಯಿಲೆಯಲ್ಲಿ ಕಣೇ. ಹೇಳ್ಕೊಳ್ಳೋಕೆ ಅವಳು ನಾಚ್ಕೊಂಡಳು, ಕೇಳೋಕೆ ನಾವು ನಾಚ್ಕೊಂಡ್ವಿ. ನಾನ್ಯಾಕೆ ಬೇಡ ಅನ್ನಲಿ?

ಅಮ್ಮನ ಇಪ್ಪತ್ತಮೂರು ಪ್ರಶ್ನೆಗಳಲ್ಲಿ ಇದು ಇರಲಿಲ್ಲ. ಅತ್ತೆಯ ಕೈಯನ್ನೊಮ್ಮೆ ಹಿಡಿದು, ಮೂಗೊರೆಸಿಕೊಂಡು ಎದ್ದಳು.

ಅಮ್ಮ: ಸರಿ, ಮನೆಗೆ ಹೋಗೋಣ. ಅಲ್ಲಾ, ಎಲ್ಲ ಗೊತ್ತಿದ್ದೂ ನನ್ನ ಜೊತೆ ಎರಡು ಬಸ್ಸು ಹತ್ತಿಳಿದು ಯಾಕೆ ಬಂದ್ರಿ?

ನರ್ಸ್: ಮುಂದಿನವರು! ಮೂವತ್ತು ದಾಟಿದವರ ಗರ್ಭಕಂಠದ ಪರೀಕ್ಷೆ.

ನರ್ಸ್ ಪಟ್ಟಿಯಿಂದ ಒಂದು ಹೆಸರು ಓದಿದಳು. ಅದು ಅಮ್ಮನದೇ ಹೆಸರು.

ಅಮ್ಮ: ನಾನು ಹೆಸರು ಬರೆಸಿಲ್ಲ!

ಅಜ್ಜಿ: ನಾನು ಬರೆಸಿದೆ. ಈ ಪರೀಕ್ಷೆ ಮಾಡಿಸ್ಕೋ ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಎರಡು ವರ್ಷದಿಂದ ನಿನ್ನ ಬೀರುವಿನಲ್ಲಿ ಬಟ್ಟೆ ಕೆಳಗೆ ಮಲಗಿದೆ. ನಾನು ನೋಡಿಲ್ಲ ಅಂದ್ಕೊಂಡ್ಯಾ?

ಅಮ್ಮ: ಅದೂ... ಅದರ ಬಗ್ಗೆ ಸ್ವಲ್ಪ ಓದ್ಕೊಂಡು... ನಾಲ್ಕು ಪ್ರಶ್ನೆ ಬರ್ಕೊಂಡು... ಅಂದ್ರೆ, ಇವತ್ತು ನಾನು ಇವಳನ್ನ ಕರ್ಕೊಂಡು ಬಂದಿದ್ದಲ್ವಾ?

ಅಜ್ಜಿ: ಅಲ್ಲ. ನಾವಿಬ್ರೂ ನಿನ್ನ ಕರ್ಕೊಂಡು ಬಂದಿದ್ದು.

ಅಮ್ಮ ಮತ್ತೆ ಕೂತು ಬೆಂಚಿನ ಅಂಚನ್ನು ಭದ್ರವಾಗಿ ಹಿಡಿದಳು. ಮಗಳು ಒಂದೊಂದೇ ಬೆರಳು ಬಿಡಿಸಿ, ಕೈಚೀಲವನ್ನು ತನ್ನ ಹೆಗಲಿಗೇರಿಸಿಕೊಂಡು, ಅಮ್ಮನ ಬೆನ್ನು ಸವರಿದಳು.

ಮಗಳು: ಹೆದರ್ಕೋಬೇಡಮ್ಮ. ಕಣ್ಣು ಪರೀಕ್ಷೆ ಅಷ್ಟೇ.