ಊಟದ ನಡುವೆ ಕುರ್ಚಿ ಬದಲಿಸುವ ಭಾವ

ನಮ್ಮ ಭಾವನ ಮನೆಗೆ ಊಟಕ್ಕೆ ಹೋದವರು ಕೂತ ಕುರ್ಚಿಯಲ್ಲೇ ಊಟ ಮುಗಿಸಿ ಎದ್ದದ್ದುಂಟೇ? ಸಾಧ್ಯವೇ ಇಲ್ಲ! ಸಾರನ್ನಕ್ಕೆ ಬರುವ ಹೊತ್ತಿಗೆ ಭಾವ ತಟ್ಟೆ ಹಿಡಿದು ಎದ್ದು, "ಹ್ಞಾ, ಈಗ ಆ ಕಡೆ" ಅನ್ನುತ್ತಿದ್ದರು. ಅವರಿರುವ ಪರದೇಶದ ಊರು ಮಾನ್ಮತ್ ಜಂಕ್ಷನ್ನಿನ ಅರ್ಧ ಕನ್ನಡಿಗರು ಕೈಯಲ್ಲಿ ಹಪ್ಪಳ ಹಿಡಿದು ಆ ಮೇಜು ಸುತ್ತಿದವರೇ. ಅಕ್ಕ ಎದುರಿನ ಕುರ್ಚಿಯಿಂದ ಎದ್ದು ಗಂಡನ ಜಾಗಕ್ಕೆ ಬಂದು, "ಮದುವೆಯಾದಾಗಿಂದ ಬಿಸಿ ಅನ್ನ ಕಂಡಿಲ್ಲ ಕಣೇ" ಅನ್ನೋಳು.

ಎಲ್ಲಕ್ಕೂ ಕಾರಣ ಅವರ ಲ್ಯಾಬು. ಭಾವ ಅಳೆಯೋದು ಹಾಲ್ ಎಫೆಕ್ಟು. ಲೋಹದಲ್ಲಿ ಕರೆಂಟು ನೆಟ್ಟಗೆ ಹೋಗುವಾಗ ಮ್ಯಾಗ್ನೆಟ್ ಹಿಡಿದರೆ ಅಡ್ಡಕ್ಕೆ ಚೂರು ವೋಲ್ಟೇಜು ಹುಟ್ಟುತ್ತಂತೆ. ಅವರ ಲೋಹದಲ್ಲಂತೂ ಪರಮಾಣುಗಳು ಮೂರು ಮೂರಾಗಿ ತ್ರಿಕೋನದಲ್ಲಿ ಕೂತಿವೆ. ಒಂದೊಂದೂ ಪಕ್ಕದ್ದಕ್ಕೆ ವಿರುದ್ಧ ತಿರುಗಬೇಕು. ಎರಡು ತಿರುಗಿದರೆ ಮೂರನೆಯದಕ್ಕೆ ದಿಕ್ಕೇ ತೋಚದು. "ಅತ್ತೆ, ಸೊಸೆ, ನಡುವೆ ಮಗ ಅನ್ನಿ" ಅಂದಿದ್ದಳು ಅಕ್ಕ. ಕರೆಂಟು ಸಲೀಸಾಗಿ ಹರಿಯುವ ಲೋಹವಾದ್ದರಿಂದ ಆ ವೋಲ್ಟೇಜು ಇದೆಯೋ ಇಲ್ಲವೋ ಅನ್ನುವಷ್ಟು ಕಮ್ಮಿ. ಅಳೆಯುವ ತಂತಿ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಸುಳ್ಳು ಲೆಕ್ಕ ಬರುತ್ತೆ. ಅದಕ್ಕೇ ಮ್ಯಾಗ್ನೆಟ್ ತಿರುಗಿಸಿ ಮತ್ತೊಮ್ಮೆ ಅಳೆಯಬೇಕು.

"ತಿರುಗಿಸಿದಾಗ ಬದಲಾದ್ರೆ ನಿಜ. ಎರಡೂ ಕಡೆಯಿಂದ ಒಂದೇ ಥರ ಬಂದ್ರೆ ತಂತಿಯ ತಪ್ಪು, ತೆಗೆದು ಬಿಸಾಕು." ಇದು ಭಾವನ ವೇದವಾಕ್ಯ, ಊಟದ ಮೇಜಿಗೂ.

ಡಾಕ್ಟರು ಅಕ್ಕನ ಸ್ಕ್ಯಾನ್‌ನಲ್ಲಿ ಗಡ್ಡೆ ತೋರಿಸಿದಾಗಲೂ, "ಅವಳನ್ನ ತಿರುಗಿಸಿ ಮಲಗಿಸಿ ಇನ್ನೊಂದ್ಸಲ ತೆಗೀರಿ" ಅಂತ ಹಟ ಹಿಡಿದರು. ನಗಬೇಕೋ ಅಳಬೇಕೋ? ಪಾಪ, ಆ ಡಾಕ್ಟರು ಭಾವನ ಹೆಗಲ ಮೇಲೆ ಕೈಯಿಟ್ಟರು. ಚಳಿಗಾಲ ಮುಗಿಯುವ ಮೊದಲೇ ಅಕ್ಕ ಹೋಗಿಬಿಟ್ಟಳು.

ಭಾವ ಅಳಲಿಲ್ಲ. ನನಗೆ ಅದೇ ಭಯ. ಶನಿವಾರ ಬಂದರೆ ನಾನಿರುವ ಸೀಕಾಕಸ್‌ನಿಂದ ಡ್ರೈವ್ ಮಾಡಿಕೊಂಡು ಹೋಗಿ ಅಡುಗೆ ಮಾಡುತ್ತೇನೆ. ಎರಡು ತುತ್ತು ತಿಂದು, ಕುರ್ಚಿ ಬದಲಿಸದೆ, ಕೈ ತೊಳೆದುಬಿಡುತ್ತಾರೆ. ಒಡಹುಟ್ಟಿದವಳು ಹೋದ ಸಂಕಟ ಒಂದು ಕಡೆ. ಈ ಮನುಷ್ಯನೂ ಹೀಗೇ ಕರಗಿಹೋದರೆ?

ಮೊನ್ನೆ ಸಾರು ಬಡಿಸಿದೆ. ಭಾವ ತಟ್ಟೆ ಹಿಡಿದು ಎದ್ದರು. ಹೋಗಿ ಅಕ್ಕನ ಕುರ್ಚಿಯಲ್ಲಿ ಕೂತು, ಎದುರಿನ ತಮ್ಮ ಕುರ್ಚಿಯನ್ನು ಬಹಳ ಹೊತ್ತು ನೋಡಿದರು.

"ಅಲ್ಲಿ ಕೂತಾಗ ಎದುರಿಗೆ ಖಾಲಿ. ಇಲ್ಲಿ ಕೂತ್ರೂ ಎದುರಿಗೆ ಖಾಲಿ. ಎರಡೂ ಕಡೆಯಿಂದ ಒಂದೇ ಥರ ಇದೆಯಲ್ಲಮ್ಮ," ಅಂದರು. "ಹಾಗಾದ್ರೆ ಈ ಖಾಲಿ ಸುಳ್ಳು, ತಂತಿಯ ತಪ್ಪು, ಅಲ್ವಾ?"

ನನ್ನ ತಟ್ಟೆ ಎತ್ತಿಕೊಂಡು ಹೋಗಿ ಅವರ ಕುರ್ಚಿಯಲ್ಲಿ ಕೂತೆ.

ಭಾವ ನನ್ನ ಮುಖ ನೋಡಿದರು.

"ಬದಲಾಯ್ತು," ಅಂದರು ಮೆಲ್ಲಗೆ. "ಹಾಗಾದ್ರೆ ನಿಜ."

ಆಮೇಲೆ ಅತ್ತರು.